ಅರ್ಧ ಕೊಡದ ಚೀಟಿ

ಯಮನೂರಮ್ಮ ಆ ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲು ಮೊದಲ ಸಲ ಹತ್ತಿ ಬಂದದ್ದು ಒಂದು ಗುರುವಾರ, ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇದ್ದಾಗ. ಹೊತ್ತು ಕಳಕಮ್ಮನಿಗೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಗೋಡೆಯ ಗಡಿಯಾರ ನೋಡಿ ಬಸುರಿಯರಿಗೆ ನೀರು ಕುಡಿಸುವುದೇ ಅವಳ ನೌಕರಿಯಾಗಿತ್ತು.

ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ ಆ ಸೆಂಟರು. ಐಶ್ವರ್ಯ ಡಾಕ್ಟರು ಸೋಮವಾರ ಮತ್ತು ಗುರುವಾರ ಗಂಗಾವತಿಯಿಂದ ಬಂದು ಸ್ಕ್ಯಾನ್ ಮಾಡುತ್ತಿದ್ದರು. ಒಳಗಿನದು ಸರಿಯಾಗಿ ಕಾಣಬೇಕಾದರೆ ಕೆಲವರಿಗೆ ಮೂತ್ರದ ಚೀಲ ತುಂಬಿರಬೇಕು, ಕೆಲವರಿಗೆ ಅರ್ಧ ತುಂಬಿದರೆ ಸಾಕು, ಕೆಲವರಿಗೆ ಖಾಲಿಯೇ ಇರಬೇಕು. ಯಾರಿಗೆ ಎಷ್ಟು ಎಂದು ಡಾಕ್ಟರು ಚೀಟಿ ಬರೆದು ಕೊಡುತ್ತಿದ್ದರು. ಕಳಕಮ್ಮನ ಓದು ಎರಡನೇ ಇಯತ್ತೆಗೆ ನಿಂತದ್ದು. ಅಂಕಿ ಬರುತ್ತಿತ್ತು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಹೆಸರಿನವಳೇ ಎದ್ದು ಮುಂದೆ ಬಂದು ನಿಂತಿರುತ್ತಿದ್ದಳು. ಅದನ್ನು ಕಂಡ ಡಾಕ್ಟರು ಚೀಟಿಯ ಮೂಲೆಯಲ್ಲಿ ಕೊಡದ ಚಿತ್ರ ತೆಗೆಯಲು ಶುರು ಮಾಡಿದರು. ತುಂಬಿದ ಕೊಡವೆಂದರೆ ಆರು ಗ್ಲಾಸು. ಅರ್ಧ ಕೊಡವೆಂದರೆ ಮೂರು ಗ್ಲಾಸು, ಆಮೇಲೆ ಮುಕ್ಕಾಲು ತಾಸು ಕಾಯುವುದು. ಬರೀ ಕೊಡವೆಂದರೆ ಹೋಗಿ ಬಂದು ಮಲಗುವುದು. ಹನ್ನೊಂದು ವರ್ಷದಲ್ಲಿ ಕಳಕಮ್ಮ ಒಂದು ಗ್ಲಾಸಿನ ಲೆಕ್ಕವನ್ನೂ ತಪ್ಪಿಸಿರಲಿಲ್ಲ. ಪಾಯಿಖಾನೆಯ ಕೀಲಿ ಅವಳ ಸೊಂಟದಲ್ಲಿಯೇ ಇರುತ್ತಿತ್ತು.

ಅವತ್ತು ಬಂದ ಹುಡುಗಿ ಬೆಂಚಿನ ಮೇಲೆ ಕೂತವಳೇ ಸೆರಗಿನ ಗಂಟಿನಿಂದ ಕಪ್ಪು ಉಂಡೆಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಿಕ್ಕುಗಟ್ಟಿದ ಕೂದಲಿನ ಉಂಡೆ. ಎರಡು ಬೆರಳಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು.

"ಏನಬೇ ಅದು? ಮಂದಿ ಇಲ್ಲಿಗೆ ಕೂಸು ಹೊತ್ತುಕೊಂಡು ಬರ್ತಾರ, ನೀ ಕೂದಲ ಹೊತ್ತುಕೊಂಡು ಬಂದೀಯಲ್ಲ!" ಎಂದಳು ಕಳಕಮ್ಮ.

"ಭಾಗ್ಯನಗರದಾಕಿ ಅದೀನಿ ಆಯಿ. ಕೈಯಾಗ ಕೂದಲ ಇರದಿದ್ರ ನನಗ ಕುಂದ್ರಾಕ ಆಗಂಗಿಲ್ಲ."

ಭಾಗ್ಯನಗರದ ಎಷ್ಟೋ ಮನೆಗಳಲ್ಲಿ ಹೆಂಗಸರು ಮಾಡುವ ಕೆಲಸವದು. ಬಾಚಣಿಗೆಗೆ ಹತ್ತಿದ ಕೂದಲನ್ನು ವ್ಯಾಪಾರಿಗಳು ಊರೂರಿನಿಂದ ತರುತ್ತಾರೆ. ಇವರು ಸಿಕ್ಕು ಬಿಡಿಸಿ, ಉದ್ದ ಗಿಡ್ಡ ಬೇರೆ ಮಾಡಿ, ಕಟ್ಟು ಕಟ್ಟಿ ಕೊಡುತ್ತಾರೆ. ಕಳಕಮ್ಮ ಅವಳ ಚೀಟಿ ನೋಡಿದಳು. ಅರ್ಧ ಕೊಡ. ಮೊದಲ ಹೆರಿಗೆ ಆಪರೇಷನ್ ಆದದ್ದು, ಈಗ ಎರಡನೆಯದು. ಹಳೆಯ ಹೊಲಿಗೆ ಹೇಗಿದೆ ಎಂದು ನೋಡಬೇಕಾದವರಿಗೆ ಡಾಕ್ಟರು ಅರ್ಧ ಕೊಡ ಬರೆಯುತ್ತಿದ್ದರು.

"ಮೂರು ಗ್ಲಾಸು ಕುಡಿ. ನಾ ಹೇಳೂತನಕ ಜಾಗಾ ಬಿಟ್ಟು ಏಳಬ್ಯಾಡ."

"ಮಂದೀಗೆ ನೀರು ಕುಡಿಸಾಕ ನಿನಗ ಪಗಾರ ಕೊಡ್ತಾರೇನಬೇ?"

"ಕುಡಿಸಾಕ ಅಲ್ಲ, ಕುಡಿದದ್ದನ್ನ ಹಿಡಿದು ಕುಂದ್ರಸಾಕ ಕೊಡ್ತಾರ."

ಬೆಂಚಿನುದ್ದಕ್ಕೂ ಕೂತಿದ್ದ ಬಸುರಿಯರು ನಕ್ಕರು. ಮೂರನೇ ಗ್ಲಾಸಿನಲ್ಲಿದ್ದ ಯಮನೂರಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ನಗಸಬ್ಯಾಡಬೇ ಆಯಿ, ಚೆಲ್ಲತೈತಿ!" ಎಂದಳು. ಆ ಮಾತಿಗೆ ಅವರೆಲ್ಲ ಮತ್ತಷ್ಟು ನಕ್ಕು, ಹೊಟ್ಟೆ ಹಿಡಿದುಕೊಂಡು ಒದ್ದಾಡಿದರು.

ಅವತ್ತು ಎಲ್ಲವೂ ಸರಿಯಾಗಿ ಕಂಡಿತು. ಹೊಲಿಗೆ ಗಟ್ಟಿಯಿದೆ ಎಂದರು ಡಾಕ್ಟರು.

ಎರಡನೆಯದೂ ಆಪರೇಷನ್ನೇ ಆಯಿತು. ಗಂಡು ಕೂಸು; ತೂಕ ಕಡಿಮೆ ಇತ್ತೆಂದು ಹದಿನಾರು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಕೂಸು ಉಳಿದ ಮೇಲೆ ನೋಡೋಣವೆಂದು ಮಕ್ಕಳಾಗದ ಆಪರೇಷನ್ನನ್ನು ಮನೆಯವರು ಮುಂದಕ್ಕೆ ಹಾಕಿದರು. ಕೂಸು ಐದು ತಿಂಗಳು ಇತ್ತು, ಆಮೇಲೆ ಇರಲಿಲ್ಲ. ಈ ಸುದ್ದಿಯನ್ನು ಯಮನೂರಮ್ಮ ತಾನೇ ಬಂದು ಹೇಳಿದಳು. ಪೇಟೆಗೆ ಬಂದಾಗಲೆಲ್ಲ ಮೇಲೆ ಹತ್ತಿ ಬಂದು, ಕಳಕಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಹೋಗುವುದು ಅಷ್ಟರಲ್ಲಿ ಅವಳಿಗೆ ರೂಢಿಯಾಗಿತ್ತು. ಒಮ್ಮೆ ಹಾಳೆಯಲ್ಲಿ ಸುತ್ತಿ ತಂದದ್ದನ್ನು ಕಳಕಮ್ಮನ ಉಡಿಯಲ್ಲಿ ಹಾಕಿದಳು. ಬಿಚ್ಚಿದರೆ ಒಂದು ಚೌರಿ. ಪೂರಾ ಕಪ್ಪಲ್ಲ, ಪೂರಾ ಬಿಳಿಯೂ ಅಲ್ಲ. ಕಳಕಮ್ಮನ ತಲೆಯ ಬಣ್ಣಕ್ಕೆ ತಕ್ಕ ಎಳೆಗಳನ್ನು ಎಷ್ಟೋ ಉಂಡೆಗಳಿಂದ ಒಂದೊಂದಾಗಿ ಆರಿಸಿ ಕಟ್ಟಿದ್ದು.

"ಗಂಡನಿಲ್ಲದಾಕಿಗೆ ಚೌರಿ ಯಾಕಬೇ?"

"ಗಂಡಗ ಅಲ್ಲ ಆಯಿ, ತುರುಬಿಗೆ. ನಿನ್ನ ತುರುಬು ಅಡಕಿಯಷ್ಟು ಆಗೈತಿ, ನೋಡಾಕ ಆಗವಲ್ದು."

ಕಳಕಮ್ಮ ಅದನ್ನು ಹಾಕಿಕೊಳ್ಳಲಿಲ್ಲ, ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟಳು. ಹಾಕಿಕೊಂಡು ಒಂದು ದಿನ ಅವಳಿಗೆ ತೋರಿಸಬೇಕು ಅಂದುಕೊಂಡಳು. ಅದು ಹಾಗೇ ಉಳಿಯಿತು.

ಎರಡು ವರ್ಷ ಬಿಟ್ಟು ಯಮನೂರಮ್ಮ ಮತ್ತೆ ಬಸುರಿಯಾಗಿ ಬಂದಳು. ಈ ಸಲ ಜೊತೆಗೆ ಅತ್ತೆ ಮಾರೆವ್ವ. ಗಂಡ ಯಂಕೇಶ ಗಂಗಾವತಿಯ ಕಡೆ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆಯ ಮಾತೆಲ್ಲ ಮಾರೆವ್ವನದೇ. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಚೀಟಿಯ ಮೂಲೆಯಲ್ಲಿ ಅರ್ಧ ಕೊಡ, ಅದರ ಕೆಳಗೆ ಡಾಕ್ಟರು ಎರಡು ಗೆರೆ ಎಳೆದಿದ್ದರು. ಎರಡು ಗೆರೆ ಎಂದರೆ ಹುಷಾರಾಗಿ ನೋಡಬೇಕಾದವಳು ಎಂದು ಕಳಕಮ್ಮನಿಗೆ ಗೊತ್ತಿತ್ತು.

ಹತ್ತೂವರೆಗೆ ಮೂರು ಗ್ಲಾಸು ಕುಡಿಸಿದಳು. ಹನ್ನೊಂದೂಕಾಲಿಗೆ ಒಳಗೆ ಕಳಿಸಬೇಕು. ಅಷ್ಟರಲ್ಲಿ ಹಿಟ್ನಾಳದ ಹತ್ತಿರ ಬೈಕಿನಿಂದ ಬಿದ್ದವನೊಬ್ಬನನ್ನು ಹೊತ್ತು ತಂದರು. ಅವನ ಹೊಟ್ಟೆ ನೋಡಿ, ಅವನ ಕಡೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಹನ್ನೆರಡು ದಾಟಿತು. ಯಮನೂರಮ್ಮನಿಗಿಂತ ಮುಂದೆ ಇನ್ನೂ ನಾಲ್ವರಿದ್ದರು.

ಯಮನೂರಮ್ಮನ ಕೈಯಲ್ಲಿ ಕೂದಲ ಉಂಡೆ ಇತ್ತು, ಆದರೆ ಬೆರಳು ಆಡುತ್ತಿರಲಿಲ್ಲ. ಮೊಣಕಾಲಿಗೆ ಮೊಣಕಾಲು ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು ನಿಂತಿತ್ತು. ಮಾರೆವ್ವ ಚಹಾ ಕುಡಿಯಲು ಕೆಳಗೆ ಇಳಿದಿದ್ದಳು.

"ಆಯಿ, ಕೀಲಿ ತಗಿಯಬೇ. ನನ್ನ ಕೈಲಿ ಆಗವಲ್ದು."

"ತಡಕೋ ನನ್ನವ್ವ. ಸ್ವಲ್ಪ ಹೊತ್ತು."

"ಎಲ್ಲಾರ ಮುಂದ ಇಲ್ಲೇ ಆಗತೈತಿ ನೋಡು. ನಮ್ಮತ್ತಿ ಸಾಯೂತನಕ ಅದನ್ನ ಆಡಿಕೋತಾಳ."

ಹಿಂದಿನ ವರ್ಷ ಒಬ್ಬ ಹುಡುಗಿಗೆ ಹಾಗೆ ಆಗಿತ್ತು, ಅದೇ ಬೆಂಚಿನ ಮೇಲೆ. ನೆಲ ಒರೆಸಿದವಳು ಕಳಕಮ್ಮ. ಆ ಹುಡುಗಿ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಮುಂದೆ ನಾಲ್ವರಿದ್ದಾರೆ, ಒಬ್ಬೊಬ್ಬರಿಗೆ ಕಾಲು ತಾಸು ಹಿಡಿದರೂ ಪೂರಾ ಒಂದು ತಾಸು ಸಿಗುತ್ತದೆ, ಮತ್ತೆ ಮೂರು ಗ್ಲಾಸು ಕುಡಿಸಿದರಾಯಿತು ಎಂದು ಲೆಕ್ಕ ಹಾಕಿದಳು. ಲೆಕ್ಕ ಸರಿಯೇ ಇತ್ತು. ಸೊಂಟದ ಕೀಲಿ ತೆಗೆದಳು.

ಯಮನೂರಮ್ಮ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಒಳಗಿನಿಂದ ಅವಳ ಹೆಸರೇ ಬಂತು. ಎರಡು ಗೆರೆಯ ಚೀಟಿ ನೆನಪಾಗಿ ಡಾಕ್ಟರು ಅವಳನ್ನೇ ಮೊದಲು ಕರೆದಿದ್ದರು.

ಆಗ ಬಾಯಿ ಬಿಡಬಹುದಿತ್ತು. ಕಳಕಮ್ಮ ಬಿಡಲಿಲ್ಲ. ಕೈ ಹಿಡಿದು ಮಲಗಿಸಿದಳು, ಸೀರೆ ಸರಿಸಿದಳು, ಜೆಲ್ ಕೊಟ್ಟಳು, ಟವೆಲ್ ಹಿಡಿದು ಗೋಡೆಗೆ ಒರಗಿ ನಿಂತಳು.

ಡಾಕ್ಟರು ಹೊಟ್ಟೆಯ ಮೇಲೆ ಯಂತ್ರದ ಹಿಡಿಕೆ ಆಡಿಸಿದರು, ನಿಂತರು, ಮತ್ತೆ ಆಡಿಸಿದರು.

"ಕಳಕಮ್ಮಾ, ಇವರಿಗೆ ನೀರು ಕುಡಿಸೀರೇನು?"

"ಮೂರು ಗ್ಲಾಸು ಕುಡಿಸೀನ್ರಿ ಮೇಡಂ."

"ಮತ್ತ ಚೀಲ ಯಾಕ ಖಾಲಿ ಐತಿ?"

ಕಳಕಮ್ಮ ಕೈಯಲ್ಲಿದ್ದ ಟವೆಲ್ಲನ್ನು ಮಡಿಚತೊಡಗಿದಳು. ಮಂಚದ ಮೇಲಿನಿಂದ ಯಮನೂರಮ್ಮ ಅವಳ ಕಡೆ ಒಮ್ಮೆ ನೋಡಿ, "ನಾನ ಕೇಳದ ಹೋಗಿ ಬಂದೆನ್ರಿ. ಬಾಗಲಾ ತೆರೆದಿತ್ತು. ತಪ್ಪಾತ್ರಿ," ಅಂದಳು.

ಡಾಕ್ಟರು ಬೈಯಲಿಲ್ಲ. ನಿಧಾನವಾಗಿ ಹೇಳಿದರು. "ನೋಡ್ರಿ ಯಮನೂರಮ್ಮ. ಮಾಸು ಐತಲ್ಲ, ಕೂಸಿಗೆ ರಕ್ತ ಕೊಡೂದು, ಅದು ಮುಂದಗಡೆ, ಕೆಳಗ, ಹಳೇ ಎರಡು ಹೊಲಿಗಿ ಮ್ಯಾಲೇ ಕುಂತೈತಿ. ಹೆರಿಗೆ ಆದಮ್ಯಾಲೆ ಅದು ತಾನಾಗಿ ಬಿಡಬೇಕು. ಹೊಲಿಗಿ ಒಳಗ ಬೇರು ಬಿಟ್ಟಿದ್ರ ಬಿಡಂಗಿಲ್ಲ, ರಕ್ತ ನಿಲ್ಲಂಗಿಲ್ಲ. ಗರ್ಭಕ್ಕೂ ಮೂತ್ರದ ಚೀಲಕ್ಕೂ ನಡುವ ಒಂದು ಬಿಳಿ ಗೆರಿ ಇರತೈತಿ, ಕೂದಲೆಳಿಯಷ್ಟು. ಅದು ಪೂರಾ ಇದ್ರ ಅಂಜಿಕಿ ಕಡಿಮಿ. ಕಡಿದಿದ್ರ ಹುಬ್ಬಳ್ಳಿಯಂಥ ದೊಡ್ಡ ಆಸ್ಪತ್ರಿಯಾಗ, ರಕ್ತ ತಯಾರಿಟ್ಟುಕೊಂಡು ಆಪರೇಷನ್ ಮಾಡಬೇಕು. ಚೀಲದಾಗ ನೀರಿದ್ರ ಆ ಗೆರಿ ಕಾಣತೈತಿ. ಈಗ ಕಾಣವಲ್ದು."

"ಕೂದಲೆಳಿ ಅಂದ್ರ ನನಗ ಬಿಡ್ರಿ ಮೇಡಂ, ನಾ ಹುಡುಕಿ ಕೊಡ್ತೀನಿ," ಎಂದಳು ಯಮನೂರಮ್ಮ.

ಡಾಕ್ಟರು ನಕ್ಕರು. ಎರಡು ಗಂಟೆಗೆ ಅವರು ಗಂಗಾವತಿಯಲ್ಲಿರಬೇಕಿತ್ತು. ಮತ್ತೊಂದು ಚೀಟಿ ತೆಗೆದು ಅರ್ಧ ಕೊಡ ಬರೆದು, ಕೆಳಗೆ ಮೂರು ಗೆರೆ ಎಳೆದು, ಸೋಮವಾರ ತಪ್ಪದೆ ಬರಬೇಕು, ಎಲ್ಲರಿಗಿಂತ ಮೊದಲು ಇವರನ್ನೇ ಕಳಿಸಬೇಕು ಎಂದು ಕಳಕಮ್ಮನ ಕೈಗೆ ಕೊಟ್ಟರು.

ಹೊರಗೆ ಮಾರೆವ್ವ ಕಾಯುತ್ತಿದ್ದಳು. ಚೀಲ ಖಾಲಿ ಇದ್ದದ್ದಕ್ಕೆ ಮತ್ತೆ ಬರಬೇಕೆಂದು ಕೇಳಿದ್ದೇ ತಡ, ಸೊಸೆಯ ಮೇಲೆ ತಿರುಗಿದಳು.

"ಒಂದು ತಾಸು ತಡಕೊಳ್ಳಾಕ ಆಗಲಿಲ್ಲೇನಬೇ ನಿನಗ? ನಾ ಮೂರು ಹಡದೀನಿ, ಸಜ್ಜಿ ಕೊಯ್ಯಾಕ ಹೋದಲ್ಲೇ ಒಂದು ಹಡದೀನಿ. ಈಕಿಗೆ ಕುಂತಲ್ಲಿ ಕುಂದ್ರಾಕ ಬರಂಗಿಲ್ಲ! ತಪ್ಪು ನಿಂದು, ತಿರುಗಾಡೋರು ನಾವು. ಕೂಸು ಛಲೋ ಐತಿಲ್ಲೋ? ಮುಗೀತು. ಮತ್ತ ಯಾವ ಸೋಮಾರನೂ ಇಲ್ಲ, ಗುರುವಾರನೂ ಇಲ್ಲ."

ಕಳಕಮ್ಮ ಒದ್ದೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕೀಲಿ ತೆಗೆದಾಕಿ ನಾನು" ಎನ್ನಲು ಮೂರೇ ಮಾತು ಸಾಕಾಗಿತ್ತು. ಹಾಗೆ ಅಂದಿದ್ದರೆ ಮಾರೆವ್ವನ ಸಿಟ್ಟು ಸೊಸೆಯನ್ನು ಬಿಟ್ಟು ಸೆಂಟರಿನ ಮೇಲೆ ಹೋಗುತ್ತಿತ್ತು. ಸೋಮವಾರ ಜಗಳ ಮಾಡಲಿಕ್ಕಾದರೂ ಅವಳು ಸೊಸೆಯನ್ನು ಕರೆದುಕೊಂಡು ಬರುತ್ತಿದ್ದಳು. ಆದರೆ ಕೌಂಟರಿನಲ್ಲಿ ಮ್ಯಾನೇಜರ್ ಹೊನ್ನೂರಪ್ಪ ಕೂತಿದ್ದ, ಅವನ ಕಿವಿಗೆ ಬಿದ್ದರೆ ನೌಕರಿ ಹೋದೀತು. ಕಳಕಮ್ಮ ಚೀಟಿಯನ್ನು ಯಮನೂರಮ್ಮನ ಕೈಯಲ್ಲಿಟ್ಟು, "ಸೋಮವಾರ ಬಾ ನನ್ನವ್ವ," ಎಂದಷ್ಟೇ ಹೇಳಿದಳು. ಮೆಟ್ಟಿಲ ತಿರುವಿನಲ್ಲಿ ಯಮನೂರಮ್ಮ ಅತ್ತೆಗೆ ಕಾಣದ ಹಾಗೆ ಹಿಂದಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟು ನಕ್ಕಳು.

ಸೋಮವಾರ ಕಳಕಮ್ಮ ಬೇಗ ಬಂದು ಕೊಡ ತಿಕ್ಕಿ ಹೊಸ ನೀರು ತುಂಬಿದಳು. ಯಮನೂರಮ್ಮ ಬರಲಿಲ್ಲ. ಡಾಕ್ಟರು ಎರಡು ಸಲ ಕೇಳಿದರು. ಹೊನ್ನೂರಪ್ಪ ಫೋನ್ ಮಾಡಿದ. ಅದು ಯಂಕೇಶನ ನಂಬರು, ಅವನು ಮಿಲ್ಲಿನ ಸದ್ದಿನಲ್ಲಿ "ಅವ್ವಗ ಹೇಳ್ತೀನ್ರಿ" ಎಂದ. ಗುರುವಾರವೂ ಬರಲಿಲ್ಲ. ಭಾಗ್ಯನಗರ ದೂರವೇನಿರಲಿಲ್ಲ, ಸಾವಕಾಶ ನಡೆದರೂ ಅರ್ಧ ತಾಸು. ಆದರೆ ಹೋದರೆ ಮಾರೆವ್ವನ ಮುಂದೆ ನಿಂತು ಕೀಲಿಯ ಮಾತು ಹೇಳಬೇಕಿತ್ತು. ಇವತ್ತು ಮೊಣಕಾಲು ನೋವು, ನಾಳೆ ಅಮಾವಾಸ್ಯೆ, ನಾಡಿದ್ದು ಅವರೇ ಬಂದಾರು ಎನ್ನುತ್ತ ದಿನ ದೂಡಿದಳು. ಹದಿನೇಳು ದಿನ. ಹದಿನೆಂಟನೆಯ ದಿನ, ಭಾನುವಾರ, ಹೋದಳು.

ಮನೆಗೆ ಬೀಗವಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂದಲು ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿ ಹೇಳಿದಳು. ಅತ್ತೆಗೂ ಸೊಸೆಗೂ ಸ್ಕ್ಯಾನಿನ ಮಾತಿಗೇ ದಿನಾ ಜಗಳ. ಸೊಸೆ ಮುನಿಸಿಕೊಂಡು ಯಲಬುರ್ಗಾದ ಕಡೆ ತವರಿಗೆ ಹೋದಳು. ನಿನ್ನೆ ಅಲ್ಲಿ ರಕ್ತ ಹೋಗಲು ಶುರುವಾಯಿತಂತೆ; ಫೋನ್ ಬಂದು ಎಲ್ಲರೂ ಓಡಿದ್ದಾರೆ.

ಉಳಿದದ್ದು ಕಳಕಮ್ಮನಿಗೆ ಚೂರುಚೂರಾಗಿ ತಿಳಿಯಿತು. ತವರಿನ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು, ಬದುಕಿತು. ಮಾಸು ಬಿಡಲಿಲ್ಲ. ಅದು ಹೊಲಿಗೆಯನ್ನು ದಾಟಿ ಮೂತ್ರದ ಚೀಲಕ್ಕೆ ಹತ್ತಿಕೊಂಡಿದೆ ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ; ಮಾಸು ಹೊಲಿಗೆಯ ಮೇಲೇ ಕೂತಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದ ಸ್ಕ್ಯಾನಿನ ಲಕೋಟೆ ಭಾಗ್ಯನಗರದ ಮನೆಯ ಗೋಡೆಗೂಡಿನಲ್ಲಿ, ದೇವರ ಪಟದ ಹಿಂದೆ ಇತ್ತು. ಹೊಟ್ಟೆಗೆ ಬಟ್ಟೆ ತುರುಕಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಹನ್ನೊಂದು ಬಾಟಲಿ ರಕ್ತ ಏರಿಸಿದರು. ಗರ್ಭಕೋಶ ತೆಗೆದರು. ಅದರ ಜೊತೆಗೆ ಚೀಲವೂ ಹರಿಯಿತು. ಹೊಲಿದರು. ಹೊಲಿಗೆ ಒಂದು ಕಡೆ ಕೂಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ ಯಮನೂರಮ್ಮ ಮೆಟ್ಟಿಲು ಹತ್ತಿ ಬಂದಳು. ಮೂರು ಕಡೆ ನಿಂತು ಬಂದಳು. ಹಿಂದೆ ಮಾರೆವ್ವ, ಕಂಕುಳಲ್ಲಿ ಕೂಸು. ಚೀಟಿಯಲ್ಲಿ ಅರ್ಧ ಕೊಡ ಇತ್ತು. ಕಳಕಮ್ಮ ಗ್ಲಾಸು ತುಂಬಿ ಕೊಟ್ಟಳು. ಯಮನೂರಮ್ಮ ಒಂದು ಗ್ಲಾಸು ಕುಡಿದಳು. ಎರಡನೆಯದಕ್ಕೆ ಕೈ ಚಾಚಲಿಲ್ಲ.

"ಎಷ್ಟು ಕುಡಿಸಿದ್ರೂ ನಿಲ್ಲಂಗಿಲ್ಲ ಆಯಿ. ತೂತು ಬಿದ್ದೈತಿ. ಹಗಲೂ ರಾತ್ರಿ ಹರೀತೈತಿ. ನಿನ್ನ ಕೀಲಿಗೆ ಈಗ ನಂದೊಂದು ಕೆಲಸ ಕಡಿಮಿ ಆತು ನೋಡು," ಎಂದು ನಗಲು ನೋಡಿದಳು.

ಅವಳು ಮಡಿಕೆ ಮಾಡಿ ಹಾಕಿಕೊಂಡಿದ್ದ ಬಟ್ಟೆಯ ವಾಸನೆ ಬೆಂಚಿಗೆಲ್ಲ ಹಬ್ಬಿತು. ಪಕ್ಕದ ಬಸುರಿ ಮೂಗಿಗೆ ಸೆರಗು ಹಿಡಿದು ಆಚೆ ಸರಿದಳು. ಅವಳ ಆಚೆಯವಳೂ ಸರಿದಳು. ಕಳಕಮ್ಮ ತನ್ನ ಸ್ಟೂಲನ್ನು ಎಳೆದು ತಂದು, ಆ ಖಾಲಿ ಬಿದ್ದ ಜಾಗದ ಮುಂದೆ ಹಾಕಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

ಆಮೇಲೆ ಮಾರೆವ್ವನ ಕಡೆ ತಿರುಗಿದಳು. ಹೊನ್ನೂರಪ್ಪನಿಗೂ ಕೇಳಿಸುವಷ್ಟು ದನಿಯಲ್ಲಿ ಹೇಳಿದಳು.

"ಮಾರೆವ್ವಾ, ಅವತ್ತು ಈಕಿ ಕೇಳದ ಹೋಗಲಿಲ್ಲ. ನಾ ಕೀಲಿ ತೆಗೆದು ಕೊಟ್ಟೆ. ನನ್ನ ಹೆಸರು ಹೇಳಬಾರದು ಅಂತ ಈಕಿ ತಪ್ಪು ತನ್ನ ಮ್ಯಾಲ ಹಾಕ್ಕೊಂಡಳು. ನಾ ಟವೆಲ್ ಹಿಡಿದು ನಿಂತು ಕೇಳಿದೆ."

ಬಯ್ಯುತ್ತಾಳೆಂದು ಕಾದಳು. ಮಾರೆವ್ವ ಬಯ್ಯಲಿಲ್ಲ. ಕೂಸನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಹಾಕಿಕೊಂಡಳು. "ಯಕ್ಕಾ," ಎಂದಳು. "ಅವತ್ತ ಒಂದು ಮಾತು ಅಂದಿದ್ರ ನಾ ಆಕಿ ಮ್ಯಾಲ ಹಟ ಹಿಡೀತಿದ್ದಿಲ್ಲ. ಆಕಿ ಸುಳ್ಳು ಹೇಳಿ ಹೊಳ್ಳಿಮಳ್ಳಿ ತಿರುಗಸ್ತಾಳ ಅನಕೊಂಡೆ. ಆ ಚೀಟಿ ನಾನ ಒಲಿಗೆ ಹಾಕೀನಿ ಯಕ್ಕಾ, ಈ ಕೈಲಿ."

ಕೌಂಟರಿನಲ್ಲಿ ಹೊನ್ನೂರಪ್ಪ ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡ.

ಚೀಲದ ತೂತು ಸಣ್ಣದು, ಹುಬ್ಬಳ್ಳಿಯಲ್ಲಿ ಮತ್ತೊಮ್ಮೆ ಹೊಲಿದರೆ ಕೂಡಬಹುದು ಎಂದರು ಡಾಕ್ಟರು. ಮುಂದೆ ಹೊಲಿದರು, ಕೂಡಿತು ಎಂದೂ ಕಳಕಮ್ಮ ಕೇಳಿದಳು. ಯಂಕೇಶ ಮನೆಯವರನ್ನೆಲ್ಲ ಗಂಗಾವತಿಗೆ ಕರೆದುಕೊಂಡು ಹೋದ. ಯಮನೂರಮ್ಮ ಮತ್ತೆ ಭೇಟಿಯಾಗಲಿಲ್ಲ. ಚೌರಿ ಟ್ರಂಕಿನಲ್ಲೇ ಇದೆ. ಕಳಕಮ್ಮ ಆ ಕೆಲಸದಲ್ಲೇ ಇದ್ದಾಳೆ. ಬಾಯಿಬಿಟ್ಟಿದ್ದಕ್ಕೆ ಹೊನ್ನೂರಪ್ಪ ಕೆಲಸದಿಂದ ತೆಗೆಯಲಿಲ್ಲ, ಒಂದು ಮಾತೂ ಅನ್ನಲಿಲ್ಲ. ಯಾವುದಕ್ಕೆ ಅಂಜಿ ಅವಳು ಸುಮ್ಮನಿದ್ದಳೋ ಅದು ಆಗುವಂಥದ್ದೇ ಆಗಿರಲಿಲ್ಲ.

ಕೊನೆಯ ಸಲ ಬಂದ ಆ ಗುರುವಾರ, ಸ್ಕ್ಯಾನ್ ಮುಗಿದ ಮೇಲೆ ಯಮನೂರಮ್ಮನ ಹೊಟ್ಟೆಯ ಜೆಲ್ ಒರೆಸಿದ್ದು ಕಳಕಮ್ಮನೇ. ಒಂದೇ ಗೆರೆಯ ಮೇಲೆ ಮೂರು ಸಲ ಕೊಯ್ದ ಗಾಯವದು. ಟವೆಲ್ಲನ್ನು ಒತ್ತದೆ, ಅಂಚಿನಿಂದ ಅಂಚಿಗೆ ಹಗುರಾಗಿ ಎಳೆದಳು. ಡಾಕ್ಟರು ಕೈ ತೊಳೆಯಲು ಹೋಗಿದ್ದರು. ಯಮನೂರಮ್ಮ ಏಳಲಿಲ್ಲ. ಕಳಕಮ್ಮನ ಸೊಂಟಕ್ಕೆ ಕೈ ಹಾಕಿ, ಅಲ್ಲಿ ಸಿಕ್ಕಿಸಿದ್ದ ಕೀಲಿಯನ್ನು ಎರಡು ಬೆರಳಿನಿಂದ, ಕೂದಲ ಎಳೆ ಹಿಡಿಯುವಂತೆ ಹಿಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬುದಷ್ಟೇ ಇತ್ತು.

"ಆಯಿ, ಒಂದು ಮಾತು ಕೇಳಲೇನಬೇ? ನಾ ಆ ಸೋಮಾರ ಬಂದು, ನೀರು ಕುಡಿದು, ಮತ್ತ ನಿನ್ನ ಮುಂದ ಹಂಗ ಅತ್ತಿದ್ರ, ನೀ ಮತ್ತ ಕೀಲಿ ತೆಗೀತಿದ್ದೇನು?"